ಕೈಯ ಕೆಳಗೊಂದು ಕೈ

ಆಕೆಯನ್ನು ನಮ್ಮ ಬೀದಿಯವರೆಲ್ಲ ಕರೆಯುವುದು ಚಾಪೆ ಟೀಚರ್ ಎಂದೇ. ಅವರ ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಸುರುಳಿ ಸುತ್ತಿದ ನೀಲಿ ಚಾಪೆಯೊಂದು ಸದಾ ನೆಟ್ಟಗೆ ನಿಂತಿರುತ್ತದೆ. ಯಾರ ಮನೆಗೆ ಹೋದರೂ ಕುರ್ಚಿ ಬೇಡ ಎನ್ನುತ್ತಾರೆ. ಚಾಪೆ ಹಾಸಿ ನೆಲದ ಮೇಲೆ ಕೂರುತ್ತಾರೆ. "ನನ್ನ ಕಕ್ಷಿದಾರರೆಲ್ಲ ನೆಲದ ಮೇಲೇ ಇರ್ತಾರಲ್ಲ, ನಾನೊಬ್ಬಳು ಮೇಲೆ ಕೂತು ಏನು ಮಾಡ್ಲಿ" ಎನ್ನುವುದು ಅವರ ಮಾಮೂಲಿ ತಮಾಷೆ. ಅವರ ಕಕ್ಷಿದಾರರಲ್ಲಿ ತೀರಾ ಹಿರಿಯರು ಎಂದರೆ ಮೂರೂವರೆ ವರ್ಷದವರು.

ಹುಟ್ಟುವಾಗಲೋ ಹುಟ್ಟಿದ ಮೇಲೆಯೋ ಏನಾದರೂ ತೊಂದರೆಯಾಗಿ ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಎಳೆಯ ಮಕ್ಕಳ ಮನೆಗೆ ವಾರಕ್ಕೊಮ್ಮೆ ಹೋಗುವುದು, ಆಡಿಸುತ್ತ ಕಲಿಸುವುದು, ಮನೆಯವರಿಗೂ ಹೇಗೆ ಕಲಿಸಬೇಕೆಂದು ತೋರಿಸಿಕೊಡುವುದು ಅವರ ಕೆಲಸ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದು ಬಟ್ಟೆ ಕಾರ್ಖಾನೆಯಲ್ಲಿ, ಕೆಲಸಕ್ಕೆ ಬರುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳುವ ಕೋಣೆಯಲ್ಲಿದ್ದರು. ಕಾರ್ಖಾನೆ ಮುಚ್ಚಿದಾಗ ಅವರಿಗೆ ನಲವತ್ತೊಂಬತ್ತು. ಆ ವಯಸ್ಸಿನಲ್ಲಿ ಮೂರು ತಿಂಗಳ ತರಬೇತಿಗೆ ಸೇರಿ, ತನಗಿಂತ ಅರ್ಧ ವಯಸ್ಸಿನವರ ಜೊತೆ ಬೆಂಚಿನ ಮೇಲೆ ಕೂತು ಪರೀಕ್ಷೆ ಬರೆದರು. ನಮ್ಮ ಮನೆಗೆ ಮೊದಲ ಸಲ ಬಂದಾಗ ಅವರಿಗೆ ಐವತ್ತಮೂರು, ನನ್ನ ಮಗಳಿಗೆ ಒಂದೂವರೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಆರಕ್ಕೆ ಹೊರಟರೆ ಬರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಮಗುವಿನ ಜವಾಬ್ದಾರಿ ನನ್ನದು, ನನ್ನ ಅಮ್ಮನದು. ಮಗಳನ್ನು ನಾನು ಗುಂಡಿ ಎಂದು ಕರೆಯುತ್ತೇನೆ. ಹುಟ್ಟಿದಾಗ ಅಷ್ಟು ಚಿಕ್ಕದಾಗಿ, ಮುದುರಿಕೊಂಡು ಅಷ್ಟು ದುಂಡಗಿದ್ದಳು. "ಅಂಗಿ ಗುಂಡಿ ಅಂತ ನಿನಗೆ ಗೊತ್ತು, ಕೇಳಿದೋರು ನೆಲದಲ್ಲಿ ತೋಡಿದ ಗುಂಡಿ ಅನ್ಕೋತಾರೆ ಕಣೋ" ಎಂದು ಅಮ್ಮ ಇವತ್ತಿಗೂ ಗೊಣಗುತ್ತಾಳೆ. ಆದರೆ ಅವಳೂ ಕರೆಯುವುದು ಗುಂಡಿ ಎಂದೇ.

ಗುಂಡಿ ಏಳು ತಿಂಗಳಿಗೇ ಹುಟ್ಟಿದವಳು. ಕಿವಿ ಸ್ವಲ್ಪವೂ ಕೇಳುವುದಿಲ್ಲ. ಕಣ್ಣಿಗೆ ಬೆಳಕು ನೆರಳು ಗೊತ್ತಾಗುತ್ತದೆ, ತೀರಾ ಹತ್ತಿರ ಹಿಡಿದರೆ ದಪ್ಪ ಆಕಾರಗಳು ಕಾಣುತ್ತವೆ, ಅಷ್ಟೇ. ಒಬ್ಬ ವೈದ್ಯರು ಕಣ್ಣಿನದನ್ನು ಹೇಳಿ ಕಿವಿಯವರ ಹತ್ತಿರ ಕಳಿಸಿದರು, ಅವರು ಕಿವಿಯದನ್ನು ಹೇಳಿ ವಾಪಸು ಕಣ್ಣಿನವರ ಹತ್ತಿರ ಕಳಿಸಿದರು. ಎರಡೂ ಒಟ್ಟಿಗೆ ಇಲ್ಲದ ಮಗುವನ್ನು ಬೆಳೆಸುವುದು ಹೇಗೆ ಎಂದು ಹೇಳುವವರು ಮಾತ್ರ ಯಾರೂ ಸಿಗಲಿಲ್ಲ. ಎತ್ತಿಕೊಂಡರೆ ಬೆಚ್ಚಿಬೀಳುತ್ತಿದ್ದಳು, ಚಮಚ ತುಟಿಗೆ ತಾಗಿದರೆ ಕಿರುಚುತ್ತಿದ್ದಳು. ಅವಳ ಮಟ್ಟಿಗೆ ಎಲ್ಲವೂ ಎಲ್ಲಿಂದಲೋ ಹಠಾತ್ತನೆ ಬಂದು ಮೈಮೇಲೆ ಬೀಳುವುದೇ ಆಗಿತ್ತು ಎಂದು ಈಗ ಅರ್ಥವಾಗುತ್ತದೆ. ಆಗ ಅರ್ಥವಾಗಿರಲಿಲ್ಲ.

ಟೀಚರ್ ಪ್ರತಿ ಬುಧವಾರ ಹತ್ತು ಗಂಟೆಗೆ ಬರತೊಡಗಿದರು. ಗಿಲಕಿ, ಮರದ ಉಂಗುರ, ನೊರೆಯ ಚೆಂಡು ಎಲ್ಲ ತರುತ್ತಿದ್ದರು. ಗುಂಡಿಯ ಪುಟ್ಟ ಕೈಗಳನ್ನು ಮೇಲಿನಿಂದ ಹಿಡಿದು ಆಟಿಕೆಯ ಮೇಲೆ ಇಡಿಸುತ್ತಿದ್ದರು. ಅವಳು ಕೈ ಕಿತ್ತುಕೊಳ್ಳುತ್ತಿದ್ದಳು. ಇವರು ಮತ್ತೆ ಹಿಡಿಯುತ್ತಿದ್ದರು. ಮೂರನೆಯ ವಾರ ನಾನು ಮೊಬೈಲಿನಲ್ಲಿ ಅದರ ವಿಡಿಯೋ ತೆಗೆದೆ, ಹೆಂಡತಿಗೆ ತೋರಿಸಲೆಂದು. ಅವಳು ಅರ್ಧ ನೋಡಿ ಮೊಬೈಲು ಮಗುಚಿಟ್ಟಳು. "ಅಳೋದು ಬಿಟ್ಟು ಇನ್ನೇನಿದೆ ಇದರಲ್ಲಿ?" ಎಂದಳು.

ಆರನೆಯ ಬುಧವಾರ ಗುಂಡಿ ಟೀಚರ ಮಣಿಕಟ್ಟಿಗೆ ಹಲ್ಲು ಊರುವಂತೆ ಕಚ್ಚಿದಳು. ಅಮ್ಮ ಓಡಿಬಂದು ಮಗುವನ್ನು ಎತ್ತಿಕೊಂಡಳು. ಟೀಚರ್ ಮಣಿಕಟ್ಟನ್ನು ಸೆರಗಿನಿಂದ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇವಳ ಜೊತೆ ಏನು ಮಾಡ್ಬೇಕು ಅಂತ ನನಗೆ ಗೊತ್ತಿಲ್ಲ."

ಇನ್ನು ಇವರೂ ಬರುವುದಿಲ್ಲ ಎಂದುಕೊಂಡೆ.

"ಕೇಳದ ಮಕ್ಕಳ ಬಗ್ಗೆ ಒಂದು ದಿನ ಪಾಠ ಆಗಿತ್ತು, ಕಾಣದ ಮಕ್ಕಳ ಬಗ್ಗೆ ಇನ್ನೊಂದು ದಿನ. ಎರಡೂ ಇಲ್ಲದ ಮಗು ಅಂತ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ಕಲಿತ್ಕೊಂಡು ಬರ್ತೀನಿ. ಮುಂದಿನ ಬುಧವಾರ ಬಂದೇ ಬರ್ತೀನಿ."

ಗೊತ್ತಿಲ್ಲ ಎಂದವರನ್ನು ನಾವು ಬೇಕಾದಷ್ಟು ಕಂಡಿದ್ದೆವು. ಗೊತ್ತಿಲ್ಲ ಎಂದು ಹೇಳಿ ಮತ್ತೆ ಬಂದವರು ಅವರೊಬ್ಬರೇ.

ಅವರನ್ನು ಮನೆಮನೆಗೆ ಕಳಿಸುವ ಕೇಂದ್ರದ ಬೀರುವಿನ ಬಾಗಿಲ ಒಳಬದಿಯಲ್ಲಿ ಹಳದಿ ಚೀಟಿಯೊಂದು ಅಂಟಿಕೊಂಡಿತ್ತಂತೆ. ಎಳೆಯ ಮಕ್ಕಳೊಂದಿಗೆ ಕೆಲಸ ಮಾಡುವವರಿಗಾಗಿಯೇ ಇರುವ ಒಂದು ಜಾಲತಾಣದ ವಿಳಾಸ, ಕೆಳಗೆ ಕೇಂದ್ರದ ಪಾಸ್‌ವರ್ಡು. ಪಾಠಗಳು, ವಿಡಿಯೋಗಳು, ಪ್ರಶ್ನೆ ಕೇಳುವ ವಿಭಾಗ ಎಲ್ಲ ಅದರಲ್ಲಿ ಉಚಿತ. ಆದರೆ ಎಲ್ಲವೂ ಪರಭಾಷೆಯಲ್ಲಿ. ಹಾಗಾಗಿ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ಟೀಚರ್ ಚೀಟಿ ಕಿತ್ತು ಪರ್ಸಿನಲ್ಲಿಟ್ಟುಕೊಂಡು ಮನೆಗೆ ಹೋಗಿ ಸೊಸೆಯ ಮುಂದೆ ಹಿಡಿದರು. ಸೊಸೆ ಪಾರ್ಸೆಲ್ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಹೊರದೇಶದ ಡಬ್ಬಗಳ ಜೊತೆ ಏಗಿ ಏಗಿ ಆ ಭಾಷೆ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಸಂಜೆ ತರಕಾರಿ ಹೆಚ್ಚುತ್ತ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಮೇಜಿನ ಮೇಲೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೋಡತೊಡಗಿದರು. ಆ ಸಂಭಾಷಣೆಯನ್ನು ಟೀಚರ್ ನಮಗೆ ಅಭಿನಯಿಸಿ ತೋರಿಸಿದ್ದಾರೆ.

"ಅತ್ತೆ, ಮಗುವಿನ ಕೈ ಕೆಳಗೆ ನಿಮ್ಮ ಕೈ ಇಡಬೇಕು ಅಂತಿದಾರೆ."

"ಮೇಲೆ ಅಲ್ವೇನೇ?"

"ಅಲ್ಲ, ಕೆಳಗೆ."

"ಸರಿಯಾಗಿ ಕೇಳು. ನಮಗೆ ಮೇಲೆ ಅಂತ ಹೇಳ್ಕೊಟ್ಟಿದಾರೆ."

"ಅಯ್ಯೋ ಅತ್ತೆ, ದಿನಕ್ಕೆ ಇನ್ನೂರು ಡಬ್ಬದ ಮೇಲೆ ಯಾವ ಬದಿ ಮೇಲೆ, ಯಾವ ಬದಿ ಕೆಳಗೆ ಅಂತ ನೋಡೋಳು ನಾನು. ಕೆಳಗೆ ಅಂದ್ರೆ ಕೆಳಗೇ!"

ಎರಡೂವರೆ ನಿಮಿಷದ ಆ ವಿಡಿಯೋವನ್ನು ಟೀಚರ್ ಹನ್ನೊಂದು ಸಲ ನೋಡಿದರಂತೆ. ಅದರಲ್ಲಿದ್ದಾಕೆ ಮಗುವಿನ ಕೈಯನ್ನು ಹಿಡಿಯುವುದೇ ಇಲ್ಲ. ತನ್ನ ಕೈಯನ್ನು ಮಗುವಿನ ಬೆರಳುಗಳ ಕೆಳಗೆ ಮೆಲ್ಲಗೆ ಸರಿಸಿ, ತಾನೇ ಚೆಂಡನ್ನು ಮುಟ್ಟುತ್ತಾಳೆ. ಮಗುವಿನ ಕೈ ಅವಳ ಕೈಮೇಲೆ ಸವಾರಿ ಮಾಡುತ್ತ ಬರುತ್ತದೆ. ಇಷ್ಟವಿಲ್ಲದಿದ್ದರೆ ಮಗು ಯಾವಾಗ ಬೇಕಾದರೂ ಇಳಿದುಬಿಡಬಹುದು.

ಏಳನೆಯ ಬುಧವಾರ ಟೀಚರ್ ಹೇಳಿದ ಸಮಯಕ್ಕೆ ಬಂದರು. ಚೀಲ ತೆರೆಯಲಿಲ್ಲ. ಚಾಪೆ ಹಾಸಿ, ನನ್ನನ್ನೂ ಅಮ್ಮನನ್ನೂ ಎದುರಿಗೆ ಕೂರಿಸಿಕೊಂಡರು.

"ಮೊದಲು ಕ್ಷಮೆ ಕೇಳ್ಬೇಕು. ಆರು ವಾರ ನಾನು ಈ ಮಗುವಿನ ಕೈ ಹಿಡಿದು ಎಳೆದಾಡಿದೆ. ಇವಳಿಗೆ ಕೈಯೇ ಕಣ್ಣು, ಕೈಯೇ ಕಿವಿ, ಕೈಯೇ ಬಾಯಿ. ಯಾರಾದ್ರೂ ಬಂದು ನನ್ನ ಬಾಯಿ ಮುಚ್ಚಿ ಹಿಡಿದು 'ಮಾತಾಡು, ಮಾತಾಡು' ಅಂದ್ರೆ ನಾನೂ ಕಚ್ತಿದ್ದೆ."

"ಹೋಗ್ಲಿ ಬಿಡಿ ಟೀಚರ್, ನಮಗೇನು ಗೊತ್ತಿತ್ತಾ" ಎಂದು ಅಮ್ಮ ಚಹಾ ತರಲು ಎದ್ದುಹೋದಳು. ಐವತ್ತು ದಾಟಿದ ಹೆಂಗಸೊಬ್ಬಳು ಒಂದೂವರೆ ವರ್ಷದ ಕೂಸಿನ ಹತ್ತಿರ ತಪ್ಪೊಪ್ಪಿಕೊಳ್ಳುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಆ ದಿನ ಗುಂಡಿ ಅಳಲಿಲ್ಲ. ಕಲಿತದ್ದೂ ಏನಿಲ್ಲ. ಅಳಲಿಲ್ಲ ಎಂಬುದೇ ನಮಗೆ ದೊಡ್ಡದಾಗಿತ್ತು.

ಟೀಚರ್ ಅಲ್ಲಿಗೇ ಬಿಡಲಿಲ್ಲ. ಪ್ರಶ್ನೆ ವಿಭಾಗದಲ್ಲಿ ಸೊಸೆಯ ಕೈಯಲ್ಲಿ ಗುಂಡಿಯ ವಿಷಯವನ್ನೆಲ್ಲ ಬರೆಸಿದರು. ಒಂಬತ್ತು ದಿನ ಉತ್ತರವಿಲ್ಲ. ಹತ್ತನೆಯ ದಿನ, ಯಾವುದೋ ದೂರದೇಶದಲ್ಲಿ ಇಂಥ ಮಕ್ಕಳಿಗೆ ನಲವತ್ತು ವರ್ಷ ಪಾಠ ಹೇಳಿ ನಿವೃತ್ತರಾದ ಒಬ್ಬ ಹಿರಿಯ ಶಿಕ್ಷಕಿ ಬರೆದಿದ್ದರು. ಸಲಹೆ ಸೂಚನೆ ಒಂದೂ ಇರಲಿಲ್ಲ. ಒಂದೇ ಪ್ರಶ್ನೆ ಇತ್ತು. ಟೀಚರ್ ಅದನ್ನು ನನಗೆ ಕೇಳಿದರು.

"ನಿಮ್ಮ ಮಗಳಿಗೆ ಏನು ಇಷ್ಟ?"

ಅವಳಿಗೆ ಏನು ಬರುವುದಿಲ್ಲ ಎಂದು ಎಲ್ಲರೂ ಕೇಳಿದ್ದರು. ಆ ಪಟ್ಟಿ ನನಗೆ ಬಾಯಿಪಾಠವಾಗಿತ್ತು. ಇಷ್ಟ ಏನು ಎಂದು ಯಾರೂ ಕೇಳಿರಲಿಲ್ಲ. ಅಪ್ಪನಾಗಿ ನಾನೂ ಯೋಚಿಸಿರಲಿಲ್ಲ. ನಾಚಿಕೆಯಾಯಿತು.

ಉತ್ತರ ಕೊಟ್ಟವಳು ಅಮ್ಮ. "ಇವನು ಮಿಷನ್ ತುಳಿಯುವಾಗ ತೆವಳ್ಕೊಂಡು ಹೋಗಿ ಅದರ ಕಾಲಿಗೆ ಕೆನ್ನೆ ಕೊಟ್ಟು ಮಲಗ್ತಾಳೆ. ಬೆಲ್ಟಿಗೆ ಬೆರಳು ಸಿಕ್ಕೀತು ಅಂತ ನಾನು ದಿನಕ್ಕೆ ಹತ್ತು ಸಲ ಎತ್ಕೊಂಡು ಬರ್ತೀನಿ."

ಟೀಚರ ಕಣ್ಣು ಅರಳಿತು. "ಎತ್ಕೊಂಡು ಬರೋದು ನಿಲ್ಸಿ. ಬೆಲ್ಟಿಗೆ ಒಂದು ಹಲಗೆ ಅಡ್ಡ ಹಾಕ್ಸಿ."

ಮರುದಿನವೇ ಬೆಲ್ಟು, ಚಕ್ರ ಎರಡಕ್ಕೂ ಮರದ ಹಲಗೆ ಮುಚ್ಚಿಸಿದೆ. ಮಿಷನ್ನಿಗೇ ತಾಗಿಸಿ, ಗುಂಡಿಯ ಎತ್ತರಕ್ಕೆ ಸರಿಯಾಗಿ ಇನ್ನೊಂದು ಹಲಗೆ, ಅವಳು ಅಂಗೈ ಊರಿ ನಿಲ್ಲಲು. ದೂರದ ಹಿರಿಯ ಶಿಕ್ಷಕಿ ಇದನ್ನು ತಿಳಿದು ಹೇಳಿಕೊಟ್ಟ ಆಟ ಬಲು ಸುಲಭದ್ದು. ಮಿಷನ್ ತುಳಿಯಬೇಕು. ಹಲಗೆ ನಡುಗುತ್ತದೆ, ಅವಳಿಗೆ ಖುಷಿಯಾಗುತ್ತದೆ. ಆಮೇಲೆ ನಿಲ್ಲಿಸಬೇಕು. ನಿಲ್ಲಿಸಿ, ಕಾಯಬೇಕು.

"ಎಷ್ಟು ಹೊತ್ತು ಕಾಯೋದು?" ಎಂದೆ.

"ಅವಳು ಇನ್ನೂ ಬೇಕು ಅಂತ ಹೇಳೋವರೆಗೆ."

"ಅವಳು ಏನೂ ಹೇಳೋದೇ ಇಲ್ವಲ್ಲ ಟೀಚರ್."

"ನಾವು ಯಾವತ್ತು ಹೇಳೋಕೆ ಬಿಟ್ಟಿದೀವಿ?"

ಹದಿನೈದು ದಿನ ಹೀಗೆ ತುಳಿದು, ನಿಲ್ಲಿಸಿ, ಕಾದದ್ದಾಯಿತು. ಷರಾಯಿ ಗಿಡ್ಡ ಮಾಡಿಸಿಕೊಳ್ಳಲು ಬಂದ ಗಿರಾಕಿಯೊಬ್ಬರು ನಾನು ಕಲ್ಲಿನಂತೆ ಕೂತಿರುವುದನ್ನು ನೋಡಿ "ಮಿಷನ್ ಕೆಟ್ಟಿದೆಯಾ?" ಎಂದು ಪಿಸುಗುಟ್ಟಿದರು. "ಮಿಷನ್ ಚೆನ್ನಾಗೇ ಇದೆ, ಕೆಟ್ಟಿರೋದು ಇವನ ತಲೆ" ಎಂದಳು ಅಮ್ಮ. ಅವಳಿಗೆ ಈ ಕಾಯುವ ಚಿಕಿತ್ಸೆಯ ಮೇಲೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. "ಕೈಕಟ್ಟಿ ಕೂತ್ರೆ ಮಗು ಕಲಿಯೋದಾಗಿದ್ರೆ, ನಿನ್ನನ್ನ ಸಾಕೋಕೆ ನಾನು ಅಷ್ಟು ಕಷ್ಟ ಯಾಕೆ ಪಡ್ತಿದ್ದೆ?"

ಆಮೇಲಿನ ಬುಧವಾರ ಟೀಚರ್ ಗುಂಡಿಯ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ಅವರ ಕೈ ಹಲಗೆಯ ಮೇಲೆ, ಅದರ ಮೇಲೆ ಗುಂಡಿಯ ಕೈ. ನಾನು ತುಳಿದೆ, ನಿಲ್ಲಿಸಿದೆ. ಹೊರಗೆ ಒಂದು ಸೈಕಲ್ ಹಾದುಹೋಯಿತು. ಅಮ್ಮ ಬಾಗಿಲಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಗುಂಡಿ ತಲೆ ಓರೆ ಮಾಡಿದಳು. ತುಟಿ ಮುಂದೆ ಮಾಡಿದಳು. ಆಮೇಲೆ ಕೈ ಎತ್ತಿ ಹಲಗೆಗೆ ಒಂದು ಬಾರಿಸಿದಳು. ಪಟ್!

ನಾನು ಟೀಚರ ಮುಖ ನೋಡುತ್ತ ಕೂತುಬಿಟ್ಟೆ.

"ನನ್ನನ್ನೇನು ನೋಡ್ತೀರಿ, ತುಳೀರಿ! ಬೇಗ ತುಳೀರಿ!"

ತುಳಿದೆ. ನಿಲ್ಲಿಸಿದೆ. ಪಟ್! ಮತ್ತೆ ತುಳಿದೆ. ನಿಲ್ಲಿಸಿದೆ. ಪಟ್! ಸೂಜಿಗೆ ದಾರವಿಲ್ಲ, ಕೆಳಗೆ ಬಟ್ಟೆಯಿಲ್ಲ, ನನ್ನ ಜೀವಮಾನದಲ್ಲೇ ಅಷ್ಟು ಮುತುವರ್ಜಿಯಿಂದ ನಾನು ಮಿಷನ್ ತುಳಿದಿರಲಿಲ್ಲ. ಹದಿನಾಲ್ಕು ಸಲ ಕೇಳಿದಳು, ಹದಿನಾಲ್ಕು ಸಲವೂ ಕೊಟ್ಟೆ. ನನ್ನ ಮಗಳು ಹುಟ್ಟಿದ ಮೇಲೆ ನನ್ನನ್ನು ಏನಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಮೂರು ಗಂಟೆಗೆ ಹೆಂಡತಿ ಬಂದವಳು ಚಪ್ಪಲಿ ಸಹ ಬಿಡದೆ ನೆಲದ ಮೇಲೇ ಕೂತು ನೋಡಿದಳು. "ನಂಗೂ ತುಳಿಯೋದು ಹೇಳ್ಕೊಡಿ" ಎಂದಳು. ಹತ್ತು ವರ್ಷದ ಸಂಸಾರದಲ್ಲಿ ಅವಳು ಆ ಮಿಷನ್ನಿನ ಹತ್ತಿರ ಸುಳಿದವಳಲ್ಲ.

ಹಿರಿಯ ಶಿಕ್ಷಕಿಗೆ ಸುದ್ದಿ ಹೋಯಿತು. ಉತ್ತರ ಈ ಸಲ ಒಂದೇ ದಿನದಲ್ಲಿ ಬಂತು. "ತಾನು ಕೇಳಿದರೆ ಜಗತ್ತು ಕಿವಿಗೊಡುತ್ತದೆ ಎಂದು ನಿಮ್ಮ ಹುಡುಗಿಗೆ ಇವತ್ತು ತಿಳಿಯಿತು. ಇನ್ನು ನಿಮಗೆ ಬಿಡುವಿರುವುದಿಲ್ಲ" ಎಂದು ಬರೆದಿದ್ದರು. ಆ ಮಾತು ಸುಳ್ಳಾಗಲಿಲ್ಲ.

ಆಮೇಲೆ ಒಂದರ ಹಿಂದೆ ಒಂದು ಹೊಸ ಉಪಾಯಗಳು ಬಂದವು. ಟೀಚರ್ ಜಾಲತಾಣದಲ್ಲಿ ನೋಡಿ ಬಂದದ್ದನ್ನು ನನ್ನ ಕತ್ತರಿ ಬಟ್ಟೆಗಳಿಗೆ ಒಪ್ಪಿಸುತ್ತಿದ್ದರು. ಯಾರು ಬಂದರು ಎಂದು ಗುಂಡಿಗೆ ಗೊತ್ತಾಗಬೇಕು. ಅದಕ್ಕೆ ಎಲ್ಲರ ಮಣಿಕಟ್ಟಿಗೂ ಒಂದೊಂದು ಪಟ್ಟಿ ಹೊಲಿದೆ. ಹೆಂಡತಿಯದು ಬೆರಳಿಗೆ ತಾಗುವ ಉಬ್ಬುಗೆರೆಯ ಬಟ್ಟೆ, ಅಮ್ಮನದು ಉಣ್ಣೆ, ಟೀಚರದು ಮಖಮಲ್ಲು, ನನ್ನದು ಹಳೆಯ ಅಳತೆ ಟೇಪಿನ ತುಂಡು. ಎತ್ತಿಕೊಳ್ಳುವ ಮೊದಲು ಪಟ್ಟಿ ಮುಟ್ಟಿಸಬೇಕು. ಟೀಚರಿಗೆಂದು ಒಂದು ಕಪ್ಪು ಏಪ್ರನ್ ಹೊಲಿದುಕೊಟ್ಟೆ, ಹೂವಿಲ್ಲ, ಗೆರೆಯಿಲ್ಲ. ಕಪ್ಪಿನ ಮುಂದೆ ಅವರ ಕೈ ಆಡಿದರೆ ಗುಂಡಿಯ ಉಳಿದಿರುವ ನೋಟಕ್ಕೆ ಅಷ್ಟಿಷ್ಟು ಕಾಣುತ್ತಿತ್ತು. ಊಟಕ್ಕೆ ಮೊದಲು ಚಮಚ, ಸ್ನಾನಕ್ಕೆ ಮೊದಲು ಸ್ಪಂಜು, ಹೊರಗೆ ಹೋಗುವ ಮೊದಲು ಟೊಪ್ಪಿಗೆ ಅವಳ ಕೈಗೆ ಬರುತ್ತಿದ್ದವು. ಮುಂದೆ ಏನಾಗುತ್ತದೆ ಎಂದು ಗೊತ್ತಾದ ಮೇಲೆ ಅವಳು ಬೆಚ್ಚುವುದೇ ಕಡಿಮೆಯಾಯಿತು. ತಿಂಗಳಿಗೆ ಎರಡು ಅಂಗಿಯ ಅಳತೆಯಷ್ಟು ಬೆಳೆದಳು ಎಂದು ನಾನು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಗುಂಡಿಗೆ ಮೂರು ವರ್ಷವಾದಾಗ ಟೀಚರ್ ಒಂದು ದಿನ ನನ್ನ ಹತ್ತಿರ ಏನನ್ನೋ ಕೇಳಲು ಸಂಕೋಚದಿಂದ ನಿಂತರು. ಅವರು ಸಂಕೋಚಪಟ್ಟದ್ದನ್ನು ನಾನು ನೋಡಿದ್ದು ಕಡಿಮೆ.

"ನಮ್ಮ ಭಾಷೇಲಿ ಆ ಜಾಲತಾಣದಲ್ಲಿ ಒಂದೂ ವಿಡಿಯೋ ಇಲ್ಲ. ನನಗೆ ಸೊಸೆ ಇದ್ಲು, ಅವಳಿಲ್ಲದೋರು ಏನು ಮಾಡ್ಬೇಕು? ಒಂದು ನಾವೇ ಮಾಡಿ ಕಳಿಸೋಣ ಅಂತ. ನೀವಿಬ್ರೂ ಒಪ್ಪಿದ್ರೆ ಮಾತ್ರ."

ಹೆಂಡತಿ ತಕ್ಷಣ ಒಪ್ಪಿದಳು. ನಾನೂ ಒಪ್ಪಿದೆ.

"ಇನ್ನೊಂದಿದೆ. ಅವತ್ತು, ಮೂರನೇ ವಾರ, ನೀವು ಮೊಬೈಲಲ್ಲಿ ತೆಗೆದ್ರಲ್ಲ, ಅದು ಬೇಕು. ಅದನ್ನೇ ಮೊದಲು ಹಾಕ್ಬೇಕು."

"ಅದ್ಯಾಕೆ ಟೀಚರ್? ಅದರಲ್ಲಿ ನೀವು..." ಎಂದು ನಾನು ತಡವರಿಸಿದೆ.

"ನಾನು ಮಗುವಿನ ಕೈ ಎಳೀತಾ ಇದೀನಿ. ಗೊತ್ತು. ಸರಿಯಾಗಿ ಮಾಡೋದನ್ನ ತೋರಿಸೋರು ಬೇಕಾದಷ್ಟು ಜನ ಇದಾರೆ. ತಾನು ಮಾಡ್ತಿರೋದು ತಪ್ಪು ಅಂತಾನೇ ಗೊತ್ತಿಲ್ಲದೋರಿಗೆ ಅದು ಸಾಕಾಗಲ್ಲ. ನನ್ನ ಹಾಗೆ ಮಾಡ್ತಿರೋರು ಇದನ್ನ ನೋಡಿ, 'ಅಯ್ಯೋ, ಇದು ನಾನೇ' ಅನ್ಬೇಕು."

ವಿಡಿಯೋ ತೆಗೆಯಲು ಒಂದು ಇಡೀ ಭಾನುವಾರ ಹಿಡಿಯಿತು. ಸೊಸೆ ಫೋನು ಹಿಡಿದಳು. ಮೊದಲ ಸಲ ಟೀಚರ್ ಹೇಳಬೇಕಾದದ್ದನ್ನು ಮರೆತರು. ಎರಡನೆಯ ಸಲ ಬೀದಿಯಲ್ಲಿ ಹಾರ್ನು. ಮೂರನೆಯ ಸಲ ನಡುವೆ ಅಮ್ಮ ನೆಲ ಒರೆಸುವ ಕೋಲು ಹಿಡಿದು ಬಂದು "ಶುರು ಆಯ್ತಾ?" ಎಂದು ಕೇಳಿದಳು. ಒಂಬತ್ತನೆಯದು ಸರಿಹೋಯಿತು. ಆರು ನಿಮಿಷದ ವಿಡಿಯೋ. ಮೊದಲ ವಾಕ್ಯವೇ "ಇದರಲ್ಲಿ ಮೊದಲು ಕಾಣೋದು ನಾನು ಮಾಡಿದ ತಪ್ಪು" ಎಂದು. ಹಾಕಿದ ಎರಡು ತಿಂಗಳು ಯಾರೂ ಏನೂ ಬರೆಯಲಿಲ್ಲ. ಟೀಚರ್ ಸಪ್ಪಗಾದರು. ಆಮೇಲೆ ಒಬ್ಬ ದಾದಿ ಬರೆದರು. ಮತ್ತೊಂದು ಊರಿನ ಅಂಗವಿಕಲ ಮಕ್ಕಳ ಶಾಲೆಯ ಇಬ್ಬರು ಬರೆದರು. ಒಬ್ಬ ಅಜ್ಜ ಬರೆದರು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಮೊಮ್ಮಗ ನಿನ್ನೆ ತನ್ನ ಗಡ್ಡ ಎಳೆದು ಇನ್ನೂ ಬೇಕೆಂದು ಕೇಳಿದ ಎಂದು. ಆ ಅಜ್ಜನ ಮಾತನ್ನು ಟೀಚರ್ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಈಗ ಪ್ರಶ್ನೆ ವಿಭಾಗದಲ್ಲಿ ನಮ್ಮ ಭಾಷೆಗೇ ಬೇರೆ ಪುಟವಿದೆ. ಅಲ್ಲಿ ಉತ್ತರ ಬರೆಯುವ ನಾಲ್ಕು ಜನರಲ್ಲಿ ಅವರೊಬ್ಬರು. ಗೊತ್ತಿಲ್ಲದಿದ್ದರೆ ಇವತ್ತಿಗೂ ಗೊತ್ತಿಲ್ಲ ಎಂದೇ ಬರೆಯುತ್ತಾರೆ, ಕೆಳಗೆ "ವಿಚಾರಿಸಿ ಹೇಳುತ್ತೇನೆ" ಎಂದು ಸೇರಿಸುತ್ತಾರೆ. ಹೇಳಿಯೂ ಹೇಳುತ್ತಾರೆ.

ಆ ದೂರದ ಹಿರಿಯ ಶಿಕ್ಷಕಿಯ ಮುಖವನ್ನು ನಾವು ಯಾರೂ ನೋಡಿಲ್ಲ. ಅವರಿಗೆ ಈಗ ಎಂಬತ್ತರ ಹತ್ತಿರವಿರಬೇಕು. ವರ್ಷಕ್ಕೆ ಒಂದೆರಡು ಸಲ ಗುಂಡಿಯ ಬಗ್ಗೆ ಕೇಳುತ್ತಾರೆ. ಬೀರುವಿನ ಬಾಗಿಲಿಗೆ ಆ ಚೀಟಿ ಅಂಟಿಸಿದವರು ಯಾರೆಂದೂ ನಮಗೆ ಗೊತ್ತಿಲ್ಲ. ಟೀಚರ್ ಹನ್ನೊಂದು ಸಲ ನೋಡಿದ ವಿಡಿಯೋದಲ್ಲಿದ್ದಾಕೆ ಯಾರೆಂದೂ ಗೊತ್ತಿಲ್ಲ. ನಮ್ಮ ಮನೆಯ ನೆಮ್ಮದಿಗೆ ಕಾರಣರಾದವರಲ್ಲಿ ಹೆಚ್ಚಿನವರು ನಮಗೆ ಅಪರಿಚಿತರು ಎಂದು ಯೋಚಿಸಿದಾಗಲೆಲ್ಲ, ಮಿಷನ್ ತುಳಿಯುವ ನನ್ನ ಕಾಲು ತಾನಾಗಿ ನಿಲ್ಲುತ್ತದೆ.

ಗುಂಡಿಗೆ ಈಗ ಆರೂವರೆ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ. ನಡೆಯುತ್ತಾಳೆ, ಓಡುತ್ತಾಳೆ, ಬೀಳುತ್ತಾಳೆ. ಅಂಗೈಗೆ ಅಂಗೈ ತಾಗಿಸಿ ಮಾಡುವ ಕೈಸನ್ನೆಗಳು ಮೂವತ್ತರ ಮೇಲೆ ಬರುತ್ತವೆ. ಅವುಗಳಲ್ಲಿ ಅವಳಿಗೆ ಅಚ್ಚುಮೆಚ್ಚಿನದು "ಬೇಡ". ಇಡೀ ದಿನ ಅದೇ. ಈ ಅಂಗಿ ಬೇಡ, ಹಾಲು ಬೇಡ, ತಲೆ ಬಾಚುವುದು ಬೇಡ. ಅಜ್ಜಿ ಮೊಮ್ಮಗಳಿಗೆ ದಿನಾ ಬೆಳಿಗ್ಗೆ ಜಡೆಯ ವಿಷಯಕ್ಕೆ ಜಗಳ. ಅಮ್ಮ ಅವಳ ಅಂಗೈಯಲ್ಲಿ ಒಂದು ಹೇಳಿದರೆ ಗುಂಡಿ ಅಮ್ಮನ ಅಂಗೈಯಲ್ಲಿ ಎರಡು ಹೇಳುತ್ತಾಳೆ.

ಮೊನ್ನೆ ಟೀಚರ್ ಫೋನು ಮಾಡಿದಾಗ ಅಮ್ಮನೇ ಎತ್ತಿದಳು. ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು.

"ಹೇಗಿದಾಳೆ ನಮ್ಮ ಹುಡುಗಿ?"

"ಏನು ಹೇಳ್ಲಿ ಟೀಚರ್" ಎಂದು ಅಮ್ಮ ಸಿಡುಕಿದಳು, "ಇತ್ತೀಚೆಗೆ ಇವಳಿಗೆ ಬಾಯಿ ತುಂಬಾ ಜಾಸ್ತಿ ಆಗ್ಬಿಟ್ಟಿದೆ."

ಟೀಚರ ದನಿ ನನ್ನವರೆಗೂ ಕೇಳಿಸಿತು.

"ಇನ್ನೊಂದ್ಸಲ ಹೇಳಿ ಅಮ್ಮಾ. ನನ್ನ ಸೊಸೆ ಇಲ್ಲೇ ಇದಾಳೆ, ಅವಳೂ ಕೇಳ್ಲಿ."